ಅರ್ಧಕ್ಕೆ ಇಳಿಸಿದ ನೀರು

ನೀರು ಇನ್ನೂ ಅರ್ಧಕ್ಕೆ ಇಳಿದಿರಲಿಲ್ಲ. ಮಂಗಳಗೌರಿ ಸ್ಟೌವಿನ ಬತ್ತಿ ತುಸು ಏರಿಸಿ, ತಪ್ಪಲೆಯ ಒಳಮೈಯ ಬಿಳಿ ಗೆರೆಯನ್ನು ಬಗ್ಗಿ ನೋಡಿದಳು. ದಿನವೂ ಅದೇ ತಪ್ಪಲೆ, ಅದೇ ಗೆರೆ. ನೀರು ಕುದಿಕುದಿದು ಅಲ್ಲಿಗಿಳಿದರೆ ಮಗಳು ಭ್ರಮರಾಂಬಳ ಸ್ಕೂಲಿನ ಬಾಟಲಿಗೂ ಸಂಜೆಯ ಚೊಂಬಿಗೂ ಸರಿಹೋಗುತ್ತಿತ್ತು. ಬರೀ ಕುದಿ ಬಂದರೆ ಸಾಲದು, ಅರ್ಧ ಆವಿಯಾಗಿ ಹೋಗಬೇಕು, ಆಗಲೇ ನೀರಿನ ದೋಷ ಹೋಗುವುದು ಎಂದು ಅವಳ ತಾಯಿ ಎರ್ರಮ್ಮ ಬಾಣಂತನದಲ್ಲಿ ಹೇಳಿಕೊಟ್ಟಿದ್ದಳು. ಎಂಟು ವರ್ಷವಾದರೂ ಮಂಗಳಗೌರಿ ಅದನ್ನು ಬಿಟ್ಟಿರಲಿಲ್ಲ. ಕೂಸಾಗಿದ್ದಾಗ ಒಮ್ಮೆ ವಾಂತಿಭೇದಿಯಾಗಿ ಕೈಬಿಟ್ಟು ಹೋಗುವಂತಾಗಿದ್ದ ಮಗಳು ಅದು. ಸೀಮೆಎಣ್ಣೆ ಇಲ್ಲದ ದಿನ ಸೌದೆ ಉರಿಸಿಯಾದರೂ ಇಳಿಸುತ್ತಿದ್ದಳು.

ಬಾಗಿಲಾಚೆ ಸೈಕಲ್ ಬೆಲ್ಲು ಹೊಡೆಯಿತು.

"ಗೌರೀ, ಬಾಗ್ಲು ತೆಗಿ. ಕೈ ಬಿಡಂಗಿಲ್ಲ."

ಹೊರಗೆ ಗಂಡ ಮರುಳಪ್ಪ ಸೈಕಲ್ ಹಿಡಿದು ನಿಂತಿದ್ದ. ಕ್ಯಾರಿಯರ್ ಮೇಲೆ ಹಳೇ ಟ್ಯೂಬಿನಿಂದ ಬಿಗಿದ ಟೈಪ್‌ರೈಟರ್. ಅದನ್ನು ಒಂದೇ ಕೈಯಲ್ಲಿ ಆತುಕೊಂಡವನು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಓಬುಳಪತಿ. ಇನ್ನೊಂದು ಕೈ ಪ್ಲಾಸ್ಟರಿನಲ್ಲಿ ಕತ್ತಿಗೆ ನೇತಾಡುತ್ತಿತ್ತು.

"ಏನಮ್ಮಾ ಶಿಷ್ಯೆ, ಬೆರಳು ಇನ್ನೂ ಆಡ್ತಾವಾ, ತುಕ್ಕು ಹಿಡಿದಾವಾ?" ಎಂದ ಓಬುಳಪತಿ.

"ಮುದ್ದೆ ತಿರುವ್ತಾವೆ ಸಾರ್. ಟೈಪು ಗೊತ್ತಿಲ್ಲ."

"ಮುದ್ದೆ ತಿರುವೋ ಕೈಗೆ ಇದೇನ್ ಮಹಾ. ಸ್ಕೂಟರು ನನ್ನ ಕೆಡವ್ತು, ಅದಕ್ಕೆ ನಿನ್ ಗಂಡನ ಪ್ರಬಂಧ ಹೊಡಿಯೋ ಕೆಲ್ಸ ನಿನ್ ಪಾಲಿಗೆ ಬಂತು. ನೆನಪೈತಲ್ಲಾ ನಾನು ಹೇಳ್ಕೊಟ್ಟಿದ್ದು? ಅಕ್ಷರ ನೋಡ್ಬೇಕು, ಅರ್ಥ ನೋಡ್ಬಾರ್ದು. ಅರ್ಥದ ಹಿಂದೆ ಹೋದ್ರೆ ಬೆರಳು ತಪ್ತದೆ. ಜಾಗ್ರತ್ತ, ತಲ್ಲೀ," ಎಂದು ತೆಲುಗಿನಲ್ಲಿ ಎಚ್ಚರಿಸಿದ.

ಮದುವೆಯಾದ ಹೊಸದರಲ್ಲಿ ಅವಳು ಹಿಂದೂಪುರಕ್ಕೆ ಬಂದು ಅವನ ಹತ್ತಿರವೇ ಟೈಪಿಂಗಿನ ಹೈಯರ್ ಪರೀಕ್ಷೆ ಪಾಸು ಮಾಡಿದ್ದಳು. ಕೆಲಸಕ್ಕೆ ಹೋಗಲಾಗಿರಲಿಲ್ಲ, ಅಷ್ಟೆ.

ಯಂತ್ರವನ್ನು ನಡುಮನೆಯ ಮೇಜಿನ ಮೇಲಿಟ್ಟು, ಅವರಿಬ್ಬರಿಗೆ ಕಾಫಿ ಕೊಟ್ಟು ಒಳಗೆ ಬರುವಷ್ಟರಲ್ಲಿ ತಪ್ಪಲೆಯ ನೀರು ಗೆರೆ ದಾಟಿ ತಳ ಹಿಡಿಯಲು ಹೊರಟಿತ್ತು. ಒಂದು ದಿನ ಹೆಚ್ಚು ಕುದಿದರೆ ಒಳ್ಳೆಯದೇ ಆಯಿತು ಎಂದುಕೊಂಡು ಮಂಗಳಗೌರಿ ಅದನ್ನು ಆರಿಸಿ, ಬಟ್ಟೆಯಲ್ಲಿ ಸೋಸಿ, ಮಗಳ ಬಾಟಲಿಗೆ ತುಂಬಿದಳು.

ಮರುಳಪ್ಪ ಊರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಕಲ್ಯಾಣದುರ್ಗ, ಬೆಳುಗುಪ್ಪದ ಕಡೆಯ ಹಳ್ಳಿಗಳ ಬೋರ್‌ವೆಲ್ ನೀರನ್ನು ರಜೆಯಲ್ಲೆಲ್ಲ ಹೋಗಿ ಸೀಸೆಗಳಲ್ಲಿ ಹಿಡಿದು ತಂದು, ಅದರಲ್ಲಿ ಫ್ಲೋರೈಡು ಎಷ್ಟಿದೆಯೆಂದು ಅಳೆದಿದ್ದ. ಹೆಚ್ಚಿದ್ದರೆ ಮೊದಲು ಹಲ್ಲು ಕಂದುಗಟ್ಟುತ್ತದೆ, ಆಮೇಲೆ ಮೂಳೆ ಬಿರುಸಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಇದರ ಮೇಲೆ ಅವನು ಬರೆದ ಪ್ರಬಂಧವನ್ನು ಹೈದರಾಬಾದಿನ ಒಂದು ಸಮ್ಮೇಳನ ಒಪ್ಪಿಕೊಂಡಿತ್ತು. ಅಲ್ಲಿಂದ ದಪ್ಪ ಹಾಳೆಗಳೇ ಬಂದಿದ್ದವು. ಪ್ರತಿ ಹಾಳೆಗೂ ತೆಳು ನೀಲಿ ಗೆರೆಯ ಚೌಕಟ್ಟು.

"ಇದರ ಫೋಟೋ ತೆಗ್ದೇ ಸಂಪುಟ ಅಚ್ಚು ಹಾಕ್ತಾರೆ," ಎಂದ ಮರುಳಪ್ಪ. "ನೀನು ಹೆಂಗೆ ಹೊಡೀತೀಯೋ ಪುಸ್ತಕದಲ್ಲೂ ಹಂಗೇ. ನೀಲಿ ಗೆರೆ ಆಚೆ ಒಂದಕ್ಷರ ಹೋಗಂಗಿಲ್ಲ, ಅಳಿಸಂಗಿಲ್ಲ. ಹೆಚ್ಚಿಗೆ ಅಂತ ಒಂದೇ ಹಾಳೆ ಕೊಟ್ಟವ್ರೆ. ಸೋಮವಾರ ಪೋಸ್ಟು ಮಾಡ್ಬೇಕು."

"ತಪ್ಪಾದ್ರೆ?"

"ತಪ್ಪಾಗ್ಬಾರ್ದು ಕಣೇ. ಆ ಊರುಗಳಿಗೆ ಬೇರೆ ನೀರು ಕೊಡ್ರಪ್ಪಾ ಅಂತ ಕೇಳಕ್ಕೆ ನನ್ ಹತ್ರ ಇರೋದು ಇದೊಂದೇ."

ಅನ್ನಕ್ಕಿಟ್ಟು ಒಂದು ಪುಟ, ಬಟ್ಟೆ ಹಿಂಡಿ ಹಾಕಿ ಅರ್ಧ ಪುಟ, ಹೀಗೆ ಕೆಲಸ ಸಾಗಿತು. ಓಬುಳಪತಿಯ ಮಾತು ನಿಜ. ಅರ್ಥಕ್ಕೆ ಹೋಗದೆ ಅಕ್ಷರಗಳನ್ನಷ್ಟೇ ಕಣ್ಣು ಹೆಕ್ಕುತ್ತಿದ್ದರೆ ಬೆರಳು ತಾನಾಗಿ ಓಡುತ್ತಿತ್ತು. ಇಂಗ್ಲಿಷಿನ ಉದ್ದುದ್ದ ವಾಕ್ಯಗಳು ಅವಳ ಕೈಯಿಂದ ರಾಗಿ ಬೀಸಿದ ಹಾಗೆ ಹೊರಬಿದ್ದವು. ಮಡಿ ಬಟ್ಟೆಯಂತೆ ಹಾಳೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಸ್ಕೂಲಿಂದ ಬಂದ ಭ್ರಮರಿ ಮಾತ್ರ ಮೇಜಿನ ಹತ್ತಿರ ಸುಳಿಯುತ್ತಿದ್ದಳು. ಪ್ರಬಂಧದ ಕೊನೆಗೆ ಹಚ್ಚಬೇಕಾದ ಫೋಟೋಗಳು ಒಂದು ರಟ್ಟಿನ ಮಧ್ಯೆ ಇದ್ದವು. ಅಮ್ಮ ಒಲೆಯ ಕಡೆ ಹೋದಾಗ ಅವಳು ರಟ್ಟು ತೆರೆದಿದ್ದಳು. ಮಂಗಳಗೌರಿ ಹಿಂದಿರುಗಿ ನೋಡಿದರೆ ಮಗಳು ಉಸಿರು ಹಿಡಿದು ನಿಂತಿದ್ದಳು. ಗೋಡೆಗೊರಗಿ ನಿಂತ ಹಳ್ಳಿಯ ಮಕ್ಕಳ ಫೋಟೋ. ಒಬ್ಬನ ಮೊಣಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಇನ್ನೊಬ್ಬಳ ಮೊಣಕಾಲುಗಳು ಒಂದಕ್ಕೊಂದು ತಗುಲಿ ಪಾದಗಳು ದೂರ ಸರಿದಿದ್ದವು. ಗುರುತು ಸಿಗಬಾರದೆಂದು ಎಲ್ಲರ ಕಣ್ಣಿನ ಮೇಲೂ ಮರುಳಪ್ಪ ಕಪ್ಪು ಕಾಗದದ ಪಟ್ಟಿ ಅಂಟಿಸಿದ್ದ.

"ಮುಟ್ಬ್ಯಾಡ ಕಣಮ್ಮಾ. ಅಪ್ಪಾಜಿ ಬೈತಾರೆ."

ಭ್ರಮರಿ ಏನೋ ಕೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ಅವಳು ಬಾಯಿ ತೆರೆಯುವುದು ಈಚೆಗೆ ಕಡಿಮೆಯಾಗಿತ್ತು. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ. ಸ್ಕೂಲಿನಲ್ಲಿ ಮಕ್ಕಳು "ಟೀ ಪಳ್ಳು, ಟೀ ಪಳ್ಳು" ಎಂದು, ಟೀ ಹಲ್ಲಿನವಳೆಂದು ತೆಲುಗಿನಲ್ಲಿ ರೇಗಿಸುತ್ತಿದ್ದರು. ಟೀ ಕುಡಿಯುವುದನ್ನು ಬಿಡಿಸಿಯಾಗಿತ್ತು. ಇದ್ದಿಲು, ಉಪ್ಪು ಹಾಕಿ ತಿಕ್ಕಿಯಾಗಿತ್ತು. ಈ ಕಡೆಯ ಅರ್ಧ ಮಕ್ಕಳ ಹಲ್ಲು ಹೀಗೇ ಎಂದು ಮರುಳಪ್ಪ ಅಂದಾಗ ಮಂಗಳಗೌರಿಗೂ ಸಮಾಧಾನವಾಗಿತ್ತು.

ಮಾರನೆಯ ದಿನ ಕೊನೆಯ ಪುಟ. ಮಕ್ಕಳನ್ನು ಪರೀಕ್ಷಿಸಿದ ಬಗೆಯನ್ನು ಹೊಡೆದಳು. ಗದ್ದವನ್ನು ಎದೆಗೆ ಮುಟ್ಟಿಸುವುದು, ಕೈಗಳನ್ನು ತಲೆಯ ಹಿಂದೆ ಕಟ್ಟುವುದು, ಮೊಣಕಾಲು ಮಡಿಸದೆ ಬಗ್ಗಿ ನೆಲದ ನಾಣ್ಯ ತೆಗೆಯುವುದು. ಎಲ್ಲ ಅಕ್ಷರವಾಗಿಯೇ ಹೋಯಿತು. ಆಮೇಲೆ ಒಂದು ವಾಕ್ಯ ನೀಲಿ ಗೆರೆಯೊಳಗೆ ಹಿಡಿಸಲಿಲ್ಲ. ಎಲ್ಲಿ ಮುರಿಯಬೇಕೆಂದು ನೋಡಬೇಕಾಯಿತು. ನೋಡಬೇಕೆಂದರೆ ಓದಲೇಬೇಕು. ಮಂಗಳಗೌರಿ ಓದಿದಳು.

ಕುದಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಇಳಿದಂತೆಲ್ಲ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಇನ್ನೊಮ್ಮೆ ಓದಿದಳು. ಒಲೆಯ ಮೇಲೆ ಸಂಜೆಯ ನೀರು ಸಣ್ಣಗೆ ಕುದಿಯುತ್ತಿತ್ತು. ಮುಚ್ಚಳ ಟಕಟಕ ಎನ್ನುತ್ತಿತ್ತು. ಎದ್ದು ಹೋಗಿ ಸ್ಟೌವು ಆರಿಸಿದಳು. ತಪ್ಪಲೆಯ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದಳು. ಅದು ಉಗುರಿನ ಸಂದಿಗೆ ಸುಣ್ಣದಂತೆ ಸೇರಿಕೊಂಡಿತು. ಅಲ್ಲಿಯವರೆಗೆ ಅದನ್ನು ಅಳತೆಯ ಗುರುತು ಎಂದಷ್ಟೇ ಅವಳು ತಿಳಿದಿದ್ದಳು.

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಭ್ರಮರಿ ಮೊಣಕಾಲು ನೋವೆನ್ನುತ್ತಿದ್ದುದು ನೆನಪಾಯಿತು. ಬೆಳೆಯುವ ನೋವು ಕಣಮ್ಮಾ ಎಂದು ಎಣ್ಣೆ ತೀಡಿ, ಒಂದು ಲೋಟ ಹೆಚ್ಚಿಗೆ ನೀರು ಕುಡಿಸಿದ್ದಳು.

ಊಟಕ್ಕೆ ಬಡಿಸುತ್ತಾ ಗಂಡನನ್ನು ಕೇಳಿದಳು: "ಅಲ್ರೀ, ಸುತ್ತಲ ಊರೆಲ್ಲ ಅವೆ. ನಮ್ಮ ಹುಲಿಬಂಡೆ ಯಾಕಿಲ್ಲ ನಿಮ್ಮ ಅಂಕಿ ಟೇಬಲ್ಲಿನಾಗೆ?"

ಹುಲಿಬಂಡೆ ಅವಳ ತವರು. ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರದ ದಾರಿಯಲ್ಲಿ ಇಳಿದು ನಡೆಯಬೇಕು.

ಮರುಳಪ್ಪ ನಕ್ಕ. "ಅತ್ತೆ ಮನೆ ನೀರನ್ನ ಸೀಸೆಗೆ ಹಿಡ್ಕೊಂಡು, ಇದನ್ನ ಪರೀಕ್ಷೆ ಮಾಡ್ತೀನಿ ಅನ್ನಕ್ಕಾಯ್ತದಾ? ಅಳಿಯ ಅನ್ನುಸ್ಕೊಂಡವನು ಕುಡಿಯೋ ನೀರಿಗೆ ಹೆಸರಿಟ್ಟ ಅಂತ ನಿಮ್ಮವ್ವ ಮೂರು ತಲೆಮಾರು ಆಡ್ತಾಳೆ. ಹೋಗ್ಲಿ ಬಿಡು, ಒಂದೂರು ಹೋದ್ರೆ ಏನಾಯ್ತದೆ."

ಅವಳು ಸಾರು ಬಡಿಸಿದಳು. ಅವನು ತಿರುಪತಿಯಲ್ಲಿ ಓದುತ್ತಿದ್ದಷ್ಟು ಕಾಲ, ಭ್ರಮರಿ ಹಾಲು ಬಿಟ್ಟಲ್ಲಿಂದ ಸ್ಕೂಲಿಗೆ ಸೇರುವವರೆಗೆ, ತಾಯಿ ಮಗಳು ಹುಲಿಬಂಡೆಯಲ್ಲೇ ಇದ್ದರು. ನೀರು ಕಾಯಿಸುತ್ತಾಳೆಂದಷ್ಟೇ ಅವನಿಗೆ ಗೊತ್ತಿತ್ತು; ಅರ್ಧಕ್ಕೆ ಇಳಿಸುತ್ತೇನೆಂಬುದು ಬಾಯಿಯವರೆಗೆ ಬಂತು, ಹೊರಗೆ ಬರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ. ಮೊದಲು ಆ ನೀರು ತಂದು ನೋಡಬೇಕು. ಬೇರೆಯಾಗಿದ್ದರೂ ಇರಬಹುದು, ಪಕ್ಕದ ಬೋರಿನ ನೀರೇ ಬೇರೆಯಾಗಿರುವುದಿಲ್ಲವೇ. ಅವ್ವನಿಗೆ ಮೈ ಹುಷಾರಿಲ್ಲವಂತೆ, ನಾಳೆ ಶನಿವಾರ ಹೋಗಿ ಬತ್ತೀನಿ ಎಂದಷ್ಟೇ ಅಂದಳು.

ಪಾವಗಡದ ಮೇಲೆ ಹೋಗುವ ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಳು. "ಅಮ್ಮ, ನನ್ ಬಾಟ್ಲಿ ತರ್ಲಿಲ್ವಾ?" ಎಂದು ದಾರಿಯಲ್ಲಿ ಕೇಳಿದಳು. ಮರೆತೆ ಎಂದು ಹೇಳಿ ಮಂಗಳಗೌರಿ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಕೊಡಿಸಿದಳು. ಅಮ್ಮ ಏನನ್ನೂ ಮರೆಯುವವಳಲ್ಲವೆಂದು ಗೊತ್ತಿದ್ದ ಹುಡುಗಿ ಅವಳ ಮುಖವನ್ನೇ ನೋಡುತ್ತಾ ಕುಡಿದಳು. ಬಸ್ಸಿಗಾಗಿ ನಿಂತಾಗ ಅವಳು ಲಂಗವನ್ನು ತುಸು ಎತ್ತಿ, ಮೊಣಕಾಲೆರಡನ್ನೂ ಜೋಡಿಸಿ, ಪಾದಗಳ ನಡುವೆ ಎಷ್ಟು ಸಂದಿ ಉಳಿಯಿತೆಂದು ಬಗ್ಗಿ ನೋಡುತ್ತಿದ್ದುದನ್ನು ಮಂಗಳಗೌರಿ ಕಂಡಳು. ಕಂಡೂ ಕಾಣದವಳಂತೆ ಬೇರೆ ಕಡೆ ತಿರುಗಿದಳು.

ಎರ್ರಮ್ಮ ಹಿತ್ತಲಲ್ಲಿ ಸೆಗಣಿ ತಟ್ಟುತ್ತಿದ್ದಳು. ಹಿಂದಿನಿಂದ ಮಗಳು "ಅವ್ವಾ" ಎಂದರೆ ಅವಳು ಕತ್ತು ತಿರುಗಿಸಲಿಲ್ಲ. ಕಂಬ ತಿರುಗಿದ ಹಾಗೆ ಇಡೀ ಮೈಯನ್ನೇ ತಿರುಗಿಸಿ ನೋಡಿದಳು.

"ಹೇಳ್ದೆ ಕೇಳ್ದೆ ಬಂದ್ಬುಟ್ಟಲ್ಲೇ. ಗಂಡ ಬೈದ್ನಾ?"

"ಇಲ್ಲ ಕಣವ್ವಾ. ನಿನ್ ಕತ್ತಿಗೇನಾಯ್ತು?"

"ಏನಾಗೈತೆ? ವಯಸ್ಸಾಯ್ತು, ತಿರುಗಕಿಲ್ಲ. ನಮ್ ಪಕ್ಕದ್ಮನೆ ಮುನಿಯಕ್ಕನ್ನ ನೋಡು, ಅವಳಿಗೆ ನೆಲದ ಮ್ಯಾಲೆ ಕುಂತ್ರೆ ಏಳಕ್ಕಾಗಕಿಲ್ಲ. ನಾನೇ ವಾಸಿ."

ಗದ್ದವನ್ನು ಎದೆಗೆ ಮುಟ್ಟಿಸುವುದು. ಮಂಗಳಗೌರಿಯ ಬೆರಳುಗಳಲ್ಲಿ ಆ ಸಾಲು ಅಕ್ಷರಕ್ಷರವಾಗಿ ಮತ್ತೆ ಆಡಿತು. ಅಕ್ಷರಗಳಾಗಿದ್ದವು ಈಗ ಅವ್ವನ ಕತ್ತಿನ ಮೇಲೆ ಬಂದು ಕೂತಿದ್ದವು.

ಎರ್ರಮ್ಮ ಕೈ ತೊಳೆದು ಒಳಗಿಂದ ಹಿತ್ತಾಳೆ ಲೋಟ ತಂದಳು. "ಬಾರೇ ನನ್ ಬಂಗಾರಿ. ಬಿಸ್ಲಲ್ಲಿ ಬಂದಿದೀಯ. ಇಳ್ಸಿದ ನೀರು, ನಿಮ್ಮಮ್ಮನಂಗೆ ಅರ್ಧಕ್ಕಲ್ಲ, ಇನ್ನೂ ಕಮ್ಮಿ ಮಾಡಿದೀನಿ. ನಂಗೂ ಈಗ ಇದೇ."

ಭ್ರಮರಿ ಲೋಟ ತುಟಿಗಿಡುವಷ್ಟರಲ್ಲಿ ಮಂಗಳಗೌರಿ ಅದನ್ನು ಕಸಿದು ಗಟಗಟ ತಾನೇ ಕುಡಿದುಬಿಟ್ಟಳು.

"ಅದೇನೇ ಅದು, ಮಗೀನ ಬಾಯಿಂದ ಕಿತ್ಕೊಂಡ್ ಕುಡೀತೀಯ? ನಾಚ್ಕೆ ಆಗಕಿಲ್ವಾ?"

"ದಾಹ ಆಗಿತ್ತು ಕಣವ್ವಾ."

ಮಗಳು ಖಾಲಿ ಲೋಟವನ್ನು ನೋಡಿದಳು, ಅಮ್ಮನನ್ನು ನೋಡಿದಳು.

ಹೊರಡುವಾಗ ಎರಡು ಸೀಸೆಗಳಲ್ಲಿ ನೀರು ತುಂಬಿಕೊಂಡಳು, ಬೋರಿನದೊಂದು, ತಪ್ಪಲೆಯದೊಂದು. ಯಾಕೆ ಎಂದು ಎರ್ರಮ್ಮ ಕೇಳಿದ್ದಕ್ಕೆ, ತವರಿನ ನೀರಿನ ರುಚಿ ಅಲ್ಲಿಲ್ಲ ಎಂದಳು. ಮುದುಕಿ ಹಿಗ್ಗಿ, ಹುಣಸೆಹಣ್ಣನ್ನೂ ಕಟ್ಟಿಕೊಟ್ಟಳು. ಬೋರಿನ ನೀರು ಬಿಡು, ತೋಟದ ಹಳೇ ಬಾವಿ ನೀರು ತರಿಸ್ಕೊಂಡು ಕುಡಿ ಎಂದು ತಾಯಿಗೆ ಹೇಳಿ ಒಪ್ಪಿಸಲು ಬಸ್ಸು ತಪ್ಪುವಷ್ಟು ಹೊತ್ತಾಯಿತು. ಕಾರಣ ಮಾತ್ರ ಹೇಳಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಸೀಸೆಗಳನ್ನು ಗಂಡನ ಮುಂದಿಟ್ಟಳು. ಇದು ಹುಲಿಬಂಡೆಯದು, ಇದು ಅರ್ಧಕ್ಕೂ ಕೆಳಗೆ ಇಳಿಸಿದ್ದು, ಎಂದಳು. ಮರುಳಪ್ಪ ಅವಳನ್ನು ನೋಡಿ ಕಾಲೇಜಿನ ಲ್ಯಾಬಿನ ಬೀಗದ ಕೈ ತೆಗೆದುಕೊಂಡ. ಅವಳೂ ಹಿಂದೆ ಹೋದಳು. ಭ್ರಮರಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು.

ಅವನು ಗಾಜಿನ ಕೊಳವೆಗಳಲ್ಲಿ ಗುಲಾಬಿ ಬಣ್ಣದ ದ್ರಾವಣ ಹಾಕಿದ. "ಫ್ಲೋರೈಡು ಹೆಚ್ಚಿದಷ್ಟೂ ಗುಲಾಬಿ ಹೋಗಿ ಹಳದಿ ಬತ್ತದೆ. ಚೆನ್ನಾಗಿರೋ ನೀರಾದ್ರೆ ಗುಲಾಬಿನೇ ಇರ್ತದೆ," ಎಂದ, ಕ್ಲಾಸಿನಲ್ಲಿ ಹೇಳುವ ಹಾಗೆ.

ಬೋರಿನ ನೀರು ಹಾಕಿದಾಗ ಬಣ್ಣ ಮೆಲ್ಲಗೆ ಮಾಸಿ ಕಿತ್ತಳೆಯಾಯಿತು. ಇನ್ನೊಂದನ್ನು ಹಾಕಿದ. ನೋಡುತ್ತಿದ್ದಂತೆ ಗುಲಾಬಿಯೆಂಬುದು ಇರಲೇ ಇಲ್ಲವೇನೋ ಎನ್ನುವಂತೆ ಹಳದಿ ತಿರುಗಿತು. ಕಿಟಕಿಯ ಬೆಳಕಿಗೆ ಹಿಡಿದ ಅವನ ಕೈ ಹಾಗೇ ನಿಂತಿತು.

"ಯಾರು ಕುಡಿದಿದ್ದು ಇದನ್ನ?"

"ಭ್ರಮರಿ."

"ಎಷ್ಟು ದಿನ?"

"ನೀವು ತಿರುಪತೀಲಿದ್ದಷ್ಟು ದಿನ ಅಲ್ಲಿ. ಇಲ್ಲಿಗೆ ಬಂದ ಮೇಲೆ ನಮ್ ಬೀದಿ ಬೋರಿಂದು. ಅದನ್ನೂ ಇಳಿಸ್ತಾನೇ ಇದ್ದೆ. ಮೊನ್ನೆವರೆಗೂ."

ಮರುಳಪ್ಪ ಸ್ಟೂಲಿನ ಮೇಲೆ ಕೂತ. ಕೊಳವೆಗಳೆರಡನ್ನೂ ಒಂದರ ಪಕ್ಕ ಒಂದು ನಿಲ್ಲಿಸಿದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಕಂಡೋರ ಮಕ್ಕಳ ಬಾಯಿ ತೆಗ್ಸಿ ನೋಡ್ಕೊಂಡು ತಿರುಗ್ದೆ," ಎಂದ ಕೊನೆಗೆ. "ನಮ್ ಮಗಳ ಹಲ್ಲು ಕಂಡ್ರೂ ಎಲ್ಲರಂಗೇ ಅಂದ್ಬುಟ್ಟೆ. ಮರ್ಯಾದೆ ನೋಡ್ಕೊಂಡು ಆ ಊರೊಂದ ಬಿಟ್ಟೆ."

"ಕಾಲು ಏನಾಯ್ತದ್ರೀ ಅವಳ್ದು?"

"ಗೊತ್ತಿಲ್ಲ ಗೌರಿ. ನೀರು ನಿಲ್ಸಿದ್ರೆ ಮುಂದಕ್ಕೆ ಹೋಗ್ದೇ ಇರ್ಬೋದು. ಎಕ್ಸ್‌ರೇ ತೆಗೆಸ್ಬೇಕು. ಅನಂತಪುರಕ್ಕೆ ಕರ್ಕೊಂಡು ಹೋಗಣ."

"ನೀವೇ ನೋಡ್ಬೋದಲ್ಲ. ಗದ್ದ, ಕೈ, ನಾಣ್ಯ ಅಂತ ಬರ್ದಿದೀರಲ್ಲ."

ಅವನು ತಲೆಯಾಡಿಸಿದ. "ನನ್ ಕೈಲಾಗಕಿಲ್ಲ."

ಮನೆಗೆ ಬಂದು ಉಳಿದಿದ್ದ ಒಂದು ಹಾಳೆಯನ್ನು ಅವನೇ ಯಂತ್ರಕ್ಕೆ ಸುತ್ತಿಕೊಟ್ಟ. ಕೊನೆಯ ಪುಟ ಮತ್ತೆ ಹೊಡೆಯಬೇಕಿತ್ತು. ಟೇಬಲ್ಲಿಗೆ ಹುಲಿಬಂಡೆ ಸೇರಬೇಕು, ಅದರ ಕೆಳಗೆ ಇಳಿಸಿದ ನೀರಿನ ಅಂಕಿಯೂ ಸೇರಬೇಕು. ಈ ಸಲ ಮಂಗಳಗೌರಿಗೆ ಬರೀ ಅಕ್ಷರ ನೋಡಲಾಗಲಿಲ್ಲ. ಒಂದೊಂದು ಪದಕ್ಕೂ ಅರ್ಥವಿತ್ತು, ಒಂದೊಂದು ಅರ್ಥಕ್ಕೂ ಮಗಳ ಮುಖವಿತ್ತು. ತಪ್ಪಿದರೆ ಬೇರೆ ಹಾಳೆಯಿಲ್ಲ. ಒಂದಕ್ಷರ ಒತ್ತಿ, ಸೆರಗಿಗೆ ಬೆರಳೊರಸಿ, ಇನ್ನೊಂದು ಒತ್ತಿದಳು. ಮರುಳಪ್ಪ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ. ಕೊನೆಯ ಚುಕ್ಕೆ ಬಿದ್ದಾಗ ಹಾಳೆಯಲ್ಲಿ ತಪ್ಪಿರಲಿಲ್ಲ. ಇಬ್ಬರಿಗೂ ಅದರಿಂದ ಸಂತೋಷವಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಲಕೋಟೆಗೆ ರಟ್ಟು ಕೊಟ್ಟು, ಫೋಟೋಗಳನ್ನು ಅಂಟಿಸುತ್ತಾ ಕೂತಿದ್ದ. ಮಂಗಳಗೌರಿ ಹುಣಸೆಹಣ್ಣು ಬಿಡಿಸಿ, ಬೀಜಗಳನ್ನು ಒಂದು ಕಡೆ ಗುಡ್ಡೆ ಹಾಕುತ್ತಿದ್ದಳು. ಭ್ರಮರಿ ಯೂನಿಫಾರಂ ಹಾಕಿಕೊಂಡು ಜಡೆಗಾಗಿ ಬಂದಳು.

"ಬಾ, ಒಂದಾಟ ಆಡಣ," ಎಂದಳು ತಾಯಿ. ದನಿ ತನಗೇ ಬೇರೆಯವರದಾಗಿ ಕೇಳಿತು. "ಗದ್ದ ಎದೆಗೆ ಮುಟ್ಟಿಸು ನೋಡಣ."

ಭ್ರಮರಿ ಮುಟ್ಟಿಸಿದಳು.

"ಭೇಷ್. ಕೈ ತಲೆ ಹಿಂದಕ್ಕೆ ಕಟ್ಟು."

ಕಟ್ಟಿದಳು. ಮೊಣಕೈ ಅಷ್ಟೊಂದು ಹಿಂದಕ್ಕೆ ಹೋಗಲಿಲ್ಲವೇ, ಹೋಯಿತೇ, ಮಂಗಳಗೌರಿಗೆ ತಿಳಿಯಲಿಲ್ಲ. ಒಂದು ಹುಣಸೆಬೀಜ ತೆಗೆದು ಮಗಳ ಪಾದದ ಮುಂದಿಟ್ಟಳು. "ಮೊಣಕಾಲು ಮಡಿಸ್ದೆ ಇದನ್ನ ತೆಗಿ. ತೆಗೆದ್ರೆ ಬೆಲ್ಲ."

ಫೋಟೋ ಅಂಟಿಸುತ್ತಿದ್ದ ಕೈ ಅಲ್ಲಿ ನಿಂತಿತು. ಮರುಳಪ್ಪ ತಲೆಯೆತ್ತಲಿಲ್ಲ.

ಭ್ರಮರಿ ಬಗ್ಗಿದಳು. ಬೆರಳುಗಳು ಕೆಳಗಿಳಿದವು, ಬೀಜದ ಹತ್ತಿರ ಬಂದವು, ಇನ್ನೇನು ತಗುಲಬೇಕು, ಅಲ್ಲೇ ನಿಂತವು. ಮುಖ ಕೆಂಪಾಯಿತು. ಇನ್ನಷ್ಟು ಬಗ್ಗಿದಳು. ಸ್ಕೂಲಿನಲ್ಲಿ ಎಲ್ಲ ಮಕ್ಕಳ ಬೆರಳೂ ಹೀಗೇ ನಿಲ್ಲುತ್ತವೋ, ಇವಳೊಬ್ಬಳದೋ? ಮಂಗಳಗೌರಿಗೆ ನೆನಪು ಮಾಡಿಕೊಳ್ಳಲು ಬೇರೆ ಯಾವ ಮಗುವೂ ಕಣ್ಣಿಗೆ ಬರಲಿಲ್ಲ.

"ಸಾಕು ಕಣಮ್ಮಾ. ಬೆಲ್ಲ ಕೊಡ್ತೀನಿ ಬಾ."

ಹುಡುಗಿ ಏಳಲಿಲ್ಲ. ಮೊಣಕಾಲು ಮಡಿಸಲೂ ಇಲ್ಲ. ಬಗ್ಗಿದಂತೆಯೇ, ನೆಲದ ಬೀಜವನ್ನು ನೋಡುತ್ತಾ, ಗುರುವಾರದಿಂದ ಬಾಯೊಳಗೇ ಇಟ್ಟುಕೊಂಡಿದ್ದುದನ್ನು ಕೇಳಿದಳು:

"ಅಮ್ಮ, ನಂಗೆ ಇದು ತೆಗಿಯಕ್ಕಾಗ್ಲಿಲ್ಲ ಅಂದ್ರೆ, ನನ್ ಕಣ್ಣಿಗೂ ಅಪ್ಪಾಜಿ ಕಪ್ಪು ಪಟ್ಟಿ ಅಂಟುಸ್ತಾರಾ?"